ಪಾದ್ರಿಯ ಸಂಕಟ ಯಾರ ಮುಂದೆ?

ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಸಂಸೆ ಸಿಗುತ್ತದೆ. ಕಾಫಿ, ಅಡಿಕೆ, ಮೆಣಸು, ಅಲ್ಲಲ್ಲಿ ಟೀ ಗಿಡದ ಇಳಿಜಾರು, ಅದರಾಚೆ ಶೋಲಾ ಕಾಡು. ಕುದುರೆಮುಖದ ತುದಿಗೆ ಚಾರಣ ಹೋಗುವವರು ಇಲ್ಲಿಂದಲೇ ಮುಳ್ಳೋಡಿ ಕಡೆ ತಿರುಗುತ್ತಾರೆ. ಹತ್ತುವ ದಾರಿಯಲ್ಲಿ ‘ಲೋಬೋ ಮನೆ’ ಎಂದು ಹೆಸರು ಉಳಿಸಿಕೊಂಡ ಜಾಗವಿದೆ. 1,894 ಮೀಟರ್ ಎತ್ತರದ ಶಿಖರದ ಹತ್ತಿರ ಒಂದು ಮುರುಕು ಕಲ್ಲುಕಟ್ಟಡವಿದೆ, ಅದನ್ನು ಗೈಡುಗಳು ಚರ್ಚು ಎಂದೇ ತೋರಿಸುತ್ತಾರೆ. ಚಾರಣಿಗರು ಅದರ ಮುಂದೆ ನಿಂತು ಫೋಟೊ ಹೊಡೆದುಕೊಳ್ಳುತ್ತಾರೆ. ಈ ಘಟ್ಟದ ಮಂಜಿನಲ್ಲಿ ಒಬ್ಬ ಪಾದ್ರಿ ದಿನ ಹೇಗೆ ಕಳೆಯುತ್ತಾರೆ ಎಂದು ಕೇಳುವವರು ಕಡಿಮೆ. ಮೂಡಿಗೆರೆ ಸೀಮೆಯ ಕ್ರೈಸ್ತ ಹೆಸರೆಂದರೆ ಕನ್ನಡ ಓದುಗನಿಗೆ ಥಟ್ಟನೆ ನೆನಪಾಗುವುದು ತೇಜಸ್ವಿಯವರ ಕರ್ವಾಲೊ, ಅವರೋ ವಿಜ್ಞಾನಿ. ಪಾದ್ರಿಗಳು ನಮ್ಮ ಕಥೆಗಳ ಅಂಚಿನಲ್ಲೇ ಉಳಿದುಬಿಟ್ಟಿದ್ದಾರೆ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದ ನಾ. ಡಿಸೋಜರಂಥವರು ಇಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ನಮ್ಮಲ್ಲಿ ಸನ್ಯಾಸಿ ಬೇರೆ, ಪುರೋಹಿತ ಬೇರೆ. ಮಠದ ಸ್ವಾಮಿಗಳು ಸಂಸಾರ ಬಿಟ್ಟವರು, ಆದರೆ ಮನೆಮನೆಯ ನಾಮಕರಣಕ್ಕೂ ತಿಥಿಗೂ ಅವರು ಓಡಾಡಬೇಕಿಲ್ಲ. ಓಡಾಡುವ ಭಟ್ಟರಿಗೆ ಹೆಂಡತಿ ಮಕ್ಕಳಿದ್ದಾರೆ. ಸಂಜೆ ಮನೆಗೆ ಬಂದು, ದಕ್ಷಿಣೆಯಲ್ಲಿ ಜಿಪುಣತನ ತೋರಿದ ಯಜಮಾನರನ್ನು ಅಣಕಿಸಿ ನಗಲು ಒಂದು ಅಡುಗೆಮನೆ ಇದೆ. ಕಥೋಲಿಕ ಪಾದ್ರಿಗೆ ಎರಡೂ ಒಟ್ಟಿಗೆ ಬಂದಿವೆ. ವ್ರತ ಸನ್ಯಾಸಿಯದು, ಕೆಲಸ ಪುರೋಹಿತನದು. ಅದರ ಮೇಲೆ ಶ್ಯಾನುಭೋಗರ ಲೆಕ್ಕಪುಸ್ತಕ, ಹೆಡ್‌ಮಾಸ್ತರರ ಗತ್ತು, ಚರ್ಚು ನವೀಕರಣವಿದ್ದರೆ ಕಂಟ್ರಾಕ್ಟರನ ಸಿಮೆಂಟು, ಜಲ್ಲಿಯ ಚಿಂತೆ. ಈ ವೃತ್ತಿಯ ಬಹುಪಾಲು ಸಂಕಟ ಈ ಗಂಟಿನಿಂದಲೇ ಹುಟ್ಟುತ್ತದೆ ಎಂಬುದು ನನ್ನ ಎಣಿಕೆ. ಹೊರಗಿನವರು ಮೊದಲು ಊಹಿಸುವುದು ಬ್ರಹ್ಮಚರ್ಯದ ಕಷ್ಟವನ್ನು. ಅದು ಇಲ್ಲವೆಂದಲ್ಲ, ಆದರೆ ಅದೊಂದೇ ಅಲ್ಲ.

ಪಾದ್ರಿಗಳಲ್ಲಿ ಎರಡು ಬಗೆ. ಜೆಸ್ವಿತರು, ಕಪುಚಿನ್ನರು ಮುಂತಾದ ಸಂಘಗಳವರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟು ಸಂಘದ ಮನೆಯಲ್ಲಿ ಒಟ್ಟಿಗೆ ಬಾಳುವವರು. ಊರ ಚರ್ಚುಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಧರ್ಮಪ್ರಾಂತದ ಪಾದ್ರಿಗಳನ್ನು. ಅವರು ಬ್ರಹ್ಮಚರ್ಯದ ಮಾತು ಕೊಟ್ಟಿರುತ್ತಾರೆ, ಬಿಷಪರಿಗೆ ವಿಧೇಯರಾಗಿರುತ್ತೇವೆಂದು ಅವರ ಕೈಯಲ್ಲಿ ಕೈಯಿಟ್ಟು ಹೇಳಿರುತ್ತಾರೆ. ಒಟ್ಟಿಗೆ ಬಾಳುವ ಭಾಗ್ಯ ಅವರಿಗಿಲ್ಲ. ಪಾಶ್ಚಾತ್ಯ ಚರ್ಚಿನಲ್ಲಿ ಪಾದ್ರಿಯ ಮದುವೆಯನ್ನೇ ಅಸಿಂಧು ಎಂದದ್ದು 1139ರ ಎರಡನೇ ಲ್ಯಾಟರನ್ ಸಭೆ. ಸಂಸೆಯಿರುವ ಇದೇ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಯಾಕೋಬಾಯ ಕ್ರೈಸ್ತರ ಸಂಪ್ರದಾಯದಲ್ಲಿ ದೀಕ್ಷೆಗೆ ಮುಂಚೆ ಮದುವೆಯಾದವರು ಪಾದ್ರಿಯಾಗಬಹುದು. ಪ್ರಾಟೆಸ್ಟಂಟರ ಸಿಎಸ್‌ಐ ಪಾಸ್ಟರುಗಳಿಗಂತೂ ಸಂಸಾರವೇ ವಾಡಿಕೆ. ಒಂದೇ ಘಟ್ಟ, ಒಂದೇ ಕ್ರಿಸ್ತ, ಬೇರೆ ಬೇರೆ ನಿಯಮ.

ಮದುವೆಯೇ ಮದ್ದು ಎನ್ನುವ ಹಾಗೂ ಇಲ್ಲ. ನಿಘಂಟಿನ ಕಿಟ್ಟೆಲರನ್ನೇ ನೋಡಿ. ಬಾಸೆಲ್ ಮಿಷನ್ನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಯುರೋಪಿಯನ್ನರ ಠೀವಿ ಬಿಟ್ಟು ಇಲ್ಲಿಯ ಜನರಂತೆ ಬದುಕಲು ಹೊರಟು ಮೇಲಿನವರ ಅಸಮಾಧಾನ ಕಟ್ಟಿಕೊಂಡರು. ಮೊದಲ ಹೆಂಡತಿ ಪೌಲೀನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಆಕೆಯ ಸಹೋದರಿ ಯೂಲಿಯನ್ನು ಮದುವೆಯಾದರು. ಪ್ರಸಂಗಕ್ಕಿಂತ ಪದಗಳೇ ಅವರ ಕೈಹಿಡಿದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಕನ್ನಡದ ಪುಣ್ಯ. ಮಿಷನ್ನಿನ ಕಣ್ಣಿನಲ್ಲಿ ಅವರು ಎಷ್ಟು ಯಶಸ್ವಿ ಮಿಷನರಿ ಎಂಬುದು ಬೇರೆ ಮಾತು.

ಸಂಸೆಯ ಕಡೆಗೆ ಬರೋಣ. ಅದು ಸೇರುವ ಚಿಕ್ಕಮಗಳೂರು ಧರ್ಮಪ್ರಾಂತ ಹುಟ್ಟಿದ್ದು 1963ರಲ್ಲಿ. ಈಗ ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆ ಅದರ ವ್ಯಾಪ್ತಿ. ಇಲ್ಲಿಯ ಕಥೋಲಿಕರಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರಿದ್ದಾರೆ, ತೋಟದ ಕೆಲಸಕ್ಕೆ ಬಂದ ತಮಿಳರಿದ್ದಾರೆ, ಮಲಯಾಳಿಗಳಿದ್ದಾರೆ, ಕನ್ನಡವೇ ಮನೆಮಾತಾದವರೂ ಇದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ ಬಿಟ್ಟು ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಎಂದ ಮೇಲೆ ಪೀಠದಲ್ಲಿ ಕನ್ನಡ ಕೇಳಿಸತೊಡಗಿತು. ಆದರೆ ಸಾಯುವ ಅಜ್ಜಿ ಪಾಪ ಹೇಳಿಕೊಳ್ಳುವುದು ಕೊಂಕಣಿಯಲ್ಲಿ. ತೋಟದ ಕೂಲಿಗಾರರ ಲೈನ್ ಮನೆಯ ಹೆಂಗಸು ಅಳುವುದು ತಮಿಳಿನಲ್ಲಿ. ಈಚೆಗೆ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬರುವವರಲ್ಲಿ ಕೊರಳಿಗೆ ಶಿಲುಬೆ ಹಾಕಿಕೊಂಡವರು ಸಿಕ್ಕರೆ ಅವರೊಡನೆ ಹರುಕುಮುರುಕು ಹಿಂದಿ. ಕೇಳುವವರಿಗೆ ಅರ್ಧವೇ ಅರ್ಥವಾದರೂ ಕ್ಷಮಿಸುವ ಮಾತನ್ನು ಪೂರ್ತಿ ಹೇಳಬೇಕು.

ಚರ್ಚಿನ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ಹೊಂದುವುದಿಲ್ಲ. ಕ್ರಿಸ್‌ಮಸ್ ಬರುವುದು ಕೊಯ್ಲಿನ ನಟ್ಟನಡುವೆ. ಕಣದಲ್ಲಿ ಹಣ್ಣು ಹರಡಿದ ಯಜಮಾನನ ಕಣ್ಣು ಆಕಾಶದ ಮೋಡದ ಮೇಲೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲ ಕಾಫಿಯ ಹೂಮಳೆಯ ಕಾಲ. ಶಿಲುಬೆಯ ಹಾದಿ ಮುಗಿಸಿ ಹೊರಬಂದವರ ಮೊದಲ ಮಾತು ‘ನಿಮ್ಮ ಕಡೆ ಮಳೆ ಎಷ್ಟು ಸೆಂಟು ಬಿತ್ತು?’ ಎಂದು. ಇದು ದೂರಲ್ಲ. ಇಲ್ಲಿಯ ಜನರಿಗೆ ಮಳೆಯೂ ಪ್ರಾರ್ಥನೆಯೇ. ಆದರೆ ವಾರವಿಡೀ ಪ್ರಸಂಗ ಸಿದ್ಧಮಾಡಿಕೊಂಡ ಪಾದ್ರಿಗೆ ಒಳಗೊಳಗೆ ಏನಾಗುತ್ತದೆ ಎಂಬುದನ್ನು ಊಹಿಸಬಹುದು.

ಅದಕ್ಕಿಂತ ಗಟ್ಟಿ ಸಂಕಟ ಬೆಂಚುಗಳಲ್ಲಿ ಕೂತಿರುತ್ತದೆ. ಮುಂದಿನ ಸಾಲಿನಲ್ಲಿ ತೋಟದವರು, ಹಿಂದೆ ತೋಟದಲ್ಲಿ ದುಡಿಯುವವರು. ಚರ್ಚಿನ ಗಂಟೆಗೆ, ಹಾಲ್‌ನ ಶೀಟಿಗೆ ದುಡ್ಡು ಬರುವುದು ಮುಂದಿನ ಸಾಲಿನಿಂದ. ಕಾಫಿಗೆ ರೇಟು ಬಂದ ವರ್ಷ ಹೊಸ ಆಲ್ಟರ್ ಏಳುತ್ತದೆ. ಕೂಲಿಗಾರನ ಸಂಬಳ ಹಿಡಿದಿಟ್ಟುಕೊಳ್ಳಬೇಡ ಎಂದು ಬೈಬಲ್ಲಿನ ಯಾಕೋಬನ ಪತ್ರ ಖಡಾಖಂಡಿತವಾಗಿ ಹೇಳುತ್ತದೆ. ಆ ಪಾಠ ಓದಬೇಕಾದ ಭಾನುವಾರ ಮುಂದಿನ ಸಾಲನ್ನು ನೋಡಿ ಮಾತನಾಡುವುದೋ, ಗೋಡೆ ನೋಡಿಕೊಂಡು ಮಾತನಾಡುವುದೋ? ಗಟ್ಟಿಯಾಗಿ ಹೇಳಿದರೆ ಪಾಲನಾ ಸಮಿತಿಯ ಸಭೆ ಬಿಸಿಯಾಗುತ್ತದೆ, ಬಿಷಪರಿಗೆ ಫೋನು ಹೋಗುತ್ತದೆ. ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡನೆಯದಕ್ಕೆ ಒಗ್ಗಿಹೋದವರ ಬಗ್ಗೆ ನನಗೆ ಸಿಟ್ಟಿಗಿಂತ ಮರುಕ ಹೆಚ್ಚು.

ಇದೇ ಪಾದ್ರಿಗೆ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತದೆ. ಲೈನ್ ಮನೆಯಲ್ಲಿ ಯಾರಿಗೋ ಕೊನೆಗಾಲ. ಜೀಪು ಹೋಗುವವರೆಗೆ ಜೀಪು, ಆಮೇಲೆ ಟಾರ್ಚು, ಕೊಡೆ, ಇಂಬಳ. ಕೊರಳಲ್ಲಿ ಸಣ್ಣ ಡಬ್ಬಿಯಲ್ಲಿ ಪರಮಪ್ರಸಾದ, ಜೇಬಿನಲ್ಲಿ ಇನ್ನೊಂದು ಲೋಹದ ಡಬ್ಬಿ. ಅದರೊಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಪವಿತ್ರ ವಾರದಲ್ಲಿ ಬಿಷಪರು ಎಲ್ಲ ಪಾದ್ರಿಗಳನ್ನೂ ಸೇರಿಸಿ ಆಶೀರ್ವದಿಸಿ ಹಂಚಿದ ಆಲಿವ್ ಎಣ್ಣೆ ಅದು. ಹೆಬ್ಬೆರಳಿಗೆ ಎಣ್ಣೆ ತಾಗಿಸಿಕೊಂಡು ರೋಗಿಯ ಹಣೆಗೆ ಒಂದು ಶಿಲುಬೆ ಗುರುತು, ಎರಡು ಅಂಗೈಗೆ ಒಂದೊಂದು. ಕಾಫಿ ಕೊಯ್ದು ಕಪ್ಪಾದ, ಗೆರೆಯೇ ಕಾಣದ ಅಂಗೈ. ಮನೆಯವರೆಲ್ಲ ಸುತ್ತ ನಿಂತಿರುತ್ತಾರೆ. ಅಳು ಒತ್ತರಿಸಿ ಬರುತ್ತದೆ. ಪಾದ್ರಿ ಅಳುವಂತಿಲ್ಲ. ವಾಪಸು ಬಂದು ಕೈತೊಳೆದು ಮಲಗಿ, ಬೆಳಗ್ಗೆ ಆರೂವರೆಯ ಪೂಜೆಗೆ ಏಳಬೇಕು. ಒಬ್ಬ ಡಾಕ್ಟರು, ಒಬ್ಬ ಪೊಲೀಸು ಇಂಥ ರಾತ್ರಿಯ ಬಳಿಕ ಮನೆಯಲ್ಲಿ ಒಂದು ಮಾತಾದರೂ ಆಡುತ್ತಾನೆ.

ಪಾಪನಿವೇದನೆಯಲ್ಲಿ ಕೇಳಿದ್ದನ್ನಂತೂ ಯಾರೊಂದಿಗೂ ಆಡುವಂತಿಲ್ಲ. ಆ ಗುಟ್ಟನ್ನು ನೇರವಾಗಿ ಬಿಟ್ಟುಕೊಟ್ಟ ಪಾದ್ರಿಗೆ ಚರ್ಚಿನ ಕಾನೂನು ಬಹಿಷ್ಕಾರ ವಿಧಿಸುತ್ತದೆ. ಹಾಗಾಗಿ ಯಾರ ಮನೆಯ ಜಗಳ ಎಲ್ಲಿಂದ ಶುರುವಾಯಿತು, ಯಾರ ಜಮೀನಿನ ಬೇಲಿ ಯಾವ ರಾತ್ರಿ ಸರಿಯಿತು ಎಂಬುದು ಗೊತ್ತಿದ್ದೂ ಬೆಳಗ್ಗೆ ಅವರಿಬ್ಬರಿಗೂ ಒಂದೇ ನಗುಮುಖದಲ್ಲಿ ‘ಹೇಗಿದ್ದೀರಿ?’ ಎನ್ನಬೇಕು. ಪಾದ್ರಿಗೂ ಪಾಪನಿವೇದನೆ ಇದೆಯಲ್ಲ ಎನ್ನಬಹುದು. ಇದೆ, ಪೋಪರಿಗೂ ಇದೆ. ಇನ್ನೊಬ್ಬ ಪಾದ್ರಿಯ ಮುಂದೆ ಮೊಣಕಾಲೂರಬೇಕು. ಆದರೆ ಪಾಪ ಹೇಳಿಕೊಳ್ಳುವುದು ಬೇರೆ, ದಣಿವು ಹೇಳಿಕೊಳ್ಳುವುದು ಬೇರೆ. ದಣಿವು ಪಾಪವಲ್ಲವಾದ್ದರಿಂದ ಅದನ್ನು ಹೇಳಲು ವಿಧಿಯೇ ಇಲ್ಲ.

ಜೂನ್ ಬಂದರೆ ಪರಿಸ್ಥಿತಿ ಇನ್ನೂ ಬಿಗಿ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುತ್ತಾಳೆ, ಕರೆಂಟು ವಾರಗಟ್ಟಲೆ ಹೋಗುತ್ತದೆ, ಬೆಳಗ್ಗಿನ ಪೂಜೆಗೆ ಮೂವರು ಬಂದರೆ ಹೆಚ್ಚು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ತಪಸ್ವಿ ಒಂದು ಪಿಶಾಚಿಯ ಬಗ್ಗೆ ಬರೆದಿದ್ದಾರೆ. ಅದು ನಡುಮಧ್ಯಾಹ್ನ ಬರುತ್ತದಂತೆ. ಹೊತ್ತು ಸರಿಯುತ್ತಲೇ ಇಲ್ಲವೆನಿಸುತ್ತದೆ, ಯಾರಾದರೂ ಬಂದಾರೇ ಎಂದು ಕಿಟಕಿ ನೋಡಿಸುತ್ತದೆ, ಬೇರೆ ಊರಿಗೆ ಹೋದರೆ ಚೆನ್ನಾಗಿರಬಹುದು ಎಂದು ಕಿವಿಯಲ್ಲಿ ಊದುತ್ತದೆ. ಮರಳುಗಾಡಿನ ಬಿಸಿಲಿಗೂ ಮಲೆನಾಡಿನ ಜಡಿಮಳೆಗೂ ಅಜಗಜಾಂತರ. ಪಿಶಾಚಿ ಮಾತ್ರ ಅದೇ ಇರಬೇಕು. ಈಗ ಅದಕ್ಕೆ ಮೊಬೈಲು ಇದೆ, ಕೆಲವರಿಗೆ ಬಾಟಲಿ.

ಇನ್ನು ಪ್ರಾರ್ಥನೆ ಬತ್ತುವ ವಿಚಾರ. ದಿನಾ ಪೂಜೆ ಅರ್ಪಿಸುತ್ತಲೇ ದೇವರಿದ್ದಾನೆ ಎಂಬ ಅನುಭವ ಒಂದಿಷ್ಟೂ ಇಲ್ಲದಿರುವ ಸ್ಥಿತಿ. 16ನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೊವಾನ್ನರು ಇದನ್ನು ಕತ್ತಲ ರಾತ್ರಿ ಎಂದು ಕರೆದರು. ಮದರ್ ತೆರೆಸಾ ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಜಗತ್ತು ಬೆಚ್ಚಿತು. ದಶಕಗಳ ಕಾಲ ಅವರಿಗೆ ಒಳಗೆ ಬರೀ ಕತ್ತಲು. ಆ ಪತ್ರಗಳು ಸಿಕ್ಕಿದ್ದೂ ಅವರು ತಮ್ಮ ಆತ್ಮಮಾರ್ಗದರ್ಶಕ ಪಾದ್ರಿಗಳಿಗೆ ಬರೆದಿದ್ದರಿಂದ. ಬರೆಯಲು ಅವರಿಗೆ ಯಾರೋ ಇದ್ದರು.

ಊರ ಪಾದ್ರಿಗಳ ಪೋಷಕ ಸಂತ ಯಾರು ಗೊತ್ತೇ? ಫ್ರಾನ್ಸಿನ ಆರ್ಸ್ ಎಂಬ ಕುಗ್ರಾಮದ ಜಾನ್ ಮರಿಯ ವಿಯಾನ್ನಿ (1786–1859). ಸೆಮಿನರಿಯಲ್ಲಿ ಲ್ಯಾಟಿನ್ ತಲೆಗೆ ಹತ್ತದೆ ಒದ್ದಾಡಿದವರು. ಕಡೆಗೆ ದಿನಕ್ಕೆ ಹದಿನಾರು ಗಂಟೆವರೆಗೂ ಪಾಪನಿವೇದನೆಯ ಪೀಠದಲ್ಲಿ ಕೂರುವಂತಾಯಿತು. ದೇಶದ ಮೂಲೆಮೂಲೆಯಿಂದ ಜನ ಬಂದರು. ಈ ಸಂತರು ಒಂದಲ್ಲ, ಹಲವು ಬಾರಿ ರಾತ್ರೋರಾತ್ರಿ ಆರ್ಸ್ ಬಿಟ್ಟು ಓಡಿಹೋಗಲು ನೋಡಿದರು. ಒಮ್ಮೆ ಊರವರೇ ಅಡ್ಡಗಟ್ಟಿ ಕರೆತಂದರು. ಅವರಿಗೆ ಬೇಕಿದ್ದುದು ಒಂದು ಮಠದ ಮೌನ, ಸಿಕ್ಕಿದ್ದು ಸರತಿ ಸಾಲು. ಚರ್ಚುಗಳಲ್ಲಿ ಅವರ ಹಬ್ಬದ ದಿನ, ಆಗಸ್ಟ್ 4ರಂದು, ಪಾದ್ರಿಗಳಿಗೆ ಹೂಗುಚ್ಛ ಕೊಟ್ಟು ಹಾಡು ಹೇಳುತ್ತಾರೆ. ಓಡಿಹೋಗಲು ನೋಡಿದ ಕಥೆಯನ್ನು ಆ ಭಾಷಣಗಳಲ್ಲಿ ಹೇಳಿದರೆ ಹೂಗುಚ್ಛಕ್ಕಿಂತ ಹೆಚ್ಚು ಉಪಕಾರವಾದೀತು.

ನಮ್ಮದೇ ಸೀಮೆಯಲ್ಲಿ ಇನ್ನೊಂದು ದೊಡ್ಡ ಉದಾಹರಣೆ ಇದೆ. ಅಬ್ಬೆ ದುಬಾಯ್ ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ದೇಶ ಬಿಟ್ಟು ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಟಿಪ್ಪುವಿನ ಕಾಲದಲ್ಲಿ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸಕ್ಕೆ ನಿಂತರು. ಪೇಟ, ನಿಲುವಂಗಿ, ಗಡ್ಡ, ಕೈಯಲ್ಲಿ ಕೋಲು. ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’. ಸಿಡುಬಿನ ಚುಚ್ಚುಮದ್ದು ಆಗಷ್ಟೇ ಬಂದಿತ್ತು; ಅದನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಲು ಓಡಾಡಿದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ಕ್ರೈಸ್ತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ಇವತ್ತಿನ ಲೆಕ್ಕದಲ್ಲಿ ಸಾತಳ್ಳಿ, ಸಂಸೆ ಎರಡೂ ಒಂದೇ ಧರ್ಮಪ್ರಾಂತ. ಹಿಂದೂಗಳ ಆಚಾರವಿಚಾರದ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಹೊರತಂದಿತು. ಅದರ ಬಹುಪಾಲು ಅವರಿಗಿಂತ ಹಿಂದಿನ ಕೂರ್ದು ಎಂಬ ಜೆಸ್ವಿತರ ಬರಹದಿಂದ ಬಂದದ್ದು ಎಂದು ಸಂಶೋಧಕರು ಆಮೇಲೆ ತೋರಿಸಿದರು, ಅದು ಬೇರೆ ವಿಷಯ.

ನನಗೆ ಮುಖ್ಯವೆನಿಸುವುದು ದುಬಾಯ್ ಅವರ ಇನ್ನೊಂದು ಪುಸ್ತಕ. 1823ರಲ್ಲಿ ಇಂಡಿಯಾ ಬಿಟ್ಟ ವರ್ಷವೇ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳು. ಅದರಲ್ಲಿ ಈ ಮನುಷ್ಯ ಯಾವ ಮುಲಾಜೂ ಇಲ್ಲದೆ ಬರೆದರು: ಈ ನಾಡಿನ ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗುವ ಮಾತಲ್ಲ, ತಾನು ಮೂವತ್ತು ವರ್ಷ ದುಡಿದದ್ದಕ್ಕೆ ಫಲ ಕಾಣಲಿಲ್ಲ. ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ದುಬಾಯ್ ಅವರ ನಿಲುವಿನಲ್ಲಿ ಜಾತಿಯ ಅಹಂಕಾರದ ವಾಸನೆ ಇದೆ, ಬಡವರು ಕ್ರೈಸ್ತರಾದದ್ದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಅದನ್ನು ನಾನು ಒಪ್ಪುವುದಿಲ್ಲ. ಆದರೂ ಒಬ್ಬ ಪಾದ್ರಿ ತನ್ನ ಜೀವಮಾನದ ಕೆಲಸ ಸೋತಿತೆಂದು ಹೆಸರು ಹಾಕಿ ಬರೆದದ್ದು ಸಣ್ಣ ಸಂಗತಿಯಲ್ಲ. ಬರೆದ ಮೇಲೆ ಅವರೇನೂ ದೀಕ್ಷೆ ಬಿಡಲಿಲ್ಲ. ಪ್ಯಾರಿಸಿನಲ್ಲಿ ತಮ್ಮನ್ನು ಕಳಿಸಿದ ಮಿಷನ್ ಸಂಸ್ಥೆಗೇ ಮುಖ್ಯಸ್ಥರಾಗಿ, 1848ರಲ್ಲಿ ಪಾದ್ರಿಯಾಗಿಯೇ ತೀರಿಕೊಂಡರು. ಸೋಲನ್ನು ಹೇಳಿಕೊಂಡೂ ನಂಬಿಕೆಯಲ್ಲಿ ಉಳಿಯಲು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಈಗಿನ ಪಾದ್ರಿಗೆ ಆ ಸ್ವಾತಂತ್ರ್ಯ ಇಲ್ಲ. ವರ್ಷದ ವರದಿಯಲ್ಲಿ ಹಾಲ್ ಕಟ್ಟಿದ್ದು, ಯುವಕರ ಕೂಟ ನಡೆಸಿದ್ದು ಇರಬೇಕು. ಈ ವರ್ಷ ನನಗೆ ಪ್ರಾರ್ಥಿಸಲಾಗಲಿಲ್ಲ ಎಂದು ಬರೆಯಲು ಕಾಲಂ ಇಲ್ಲ.

ಸೋಲು ಹಲವು ಸಲ ಪಾದ್ರಿಯ ಕೈಯಲ್ಲೇ ಇರುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಾಗ ಟೌನ್‌ಶಿಪ್ಪಿನ ಮನೆಗಳಿಗೆ ಸಾಲಾಗಿ ಬೀಗ ಬಿತ್ತು. ಭಾನುವಾರದ ಪೂಜೆಗೆ ಬರುತ್ತಿದ್ದ ಕುಟುಂಬಗಳೂ ಗಂಟುಮೂಟೆ ಕಟ್ಟಿದವು. ಉಳಿದ ತೋಟದ ಮನೆಗಳಲ್ಲೂ ಮಕ್ಕಳು ಬೆಂಗಳೂರು, ದುಬೈ. ಮದುವೆಯ ರಿಜಿಸ್ಟರಿನ ಪುಟ ನಿಧಾನಕ್ಕೆ ತುಂಬುತ್ತದೆ, ಮರಣದ ರಿಜಿಸ್ಟರಿನದು ಬೇಗ. ಈ ರಿಜಿಸ್ಟರುಗಳ ಬಗ್ಗೆ ಒಂದು ಮಾತು. ಜ್ಞಾನಸ್ನಾನದ ದಾಖಲೆಯ ಪಕ್ಕದ ಅಂಚಿನಲ್ಲಿ ಆ ಮಗು ಮುಂದೆ ಯಾರನ್ನು, ಎಂದು, ಎಲ್ಲಿ ಮದುವೆಯಾಯಿತು ಎಂಬ ಟಿಪ್ಪಣಿ ಬರೆಯುವ ಕ್ರಮವಿದೆ. ಪಾದ್ರಿಯ ಹುಟ್ಟೂರ ಚರ್ಚಿನಲ್ಲಿ ಅವರ ಹೆಸರಿನ ಪಕ್ಕ ಅದೇ ಜಾಗದಲ್ಲಿ ಗುರುದೀಕ್ಷೆಯ ತಾರೀಖು ಬರೆದಿರುತ್ತಾರೆ.

ಆ ದೀಕ್ಷೆಯ ತಾರೀಖು ಅಳಿಸುವಂಥದ್ದಲ್ಲ ಎಂದು ಚರ್ಚು ನಂಬುತ್ತದೆ. ಬಿಟ್ಟುಹೋಗಲು ದಾರಿ ಇದೆ. ಅರ್ಜಿ ರೋಮಿಗೆ ಹೋಗಬೇಕು, ಬ್ರಹ್ಮಚರ್ಯದ ಬಂಧನದಿಂದ ಬಿಡಿಸುವ ಅಧಿಕಾರ ಪೋಪರದು. ಬಿಟ್ಟವರು ಪೂಜೆ ಮಾಡುವಂತಿಲ್ಲ. ಆದರೆ ಯಾರಾದರೂ ಸಾವಿನ ಅಂಚಿನಲ್ಲಿದ್ದರೆ, ದೀಕ್ಷೆ ಬಿಟ್ಟವರೂ ಪಾಪನಿವೇದನೆ ಕೇಳಿ ಕ್ಷಮೆ ಕೊಡಬಹುದು ಎನ್ನುತ್ತದೆ ಅದೇ ಕಾನೂನು. ಕಾನೂನಿಗೆ ಇರುವ ಈ ಔದಾರ್ಯ ಊರಿಗಿಲ್ಲ. ದೀಕ್ಷೆ ಬಿಟ್ಟು ಬಂದವರನ್ನು ಮದುವೆ ಮನೆಯಲ್ಲಿ ಯಾರೂ ಮಾತನಾಡಿಸುವುದಿಲ್ಲ. ತಾಯಿ ಚರ್ಚಿಗೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಈ ಭಯಕ್ಕೆ ಎಷ್ಟೋ ಜನ ಒಳಗೆ ಸತ್ತು ಹೊರಗೆ ಪೂಜೆ ಮಾಡಿಕೊಂಡಿರುತ್ತಾರೆ. ಅದು ಅವರಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.

ದೀಕ್ಷೆ ಬಿಡದೆ, ಹುದ್ದೆಯಿಂದಷ್ಟೇ ಗೌರವಯುತವಾಗಿ ಕೆಳಗಿಳಿದವರ ಒಂದು ಉದಾಹರಣೆ ಈ ಧರ್ಮಪ್ರಾಂತದ ಚರಿತ್ರೆಯಲ್ಲೇ ಇದೆ. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್ ಉಡುಪಿ ಕಡೆಯ ಪಾಂಗಾಳದವರು. 35ನೇ ವಯಸ್ಸಿಗೇ ಚಿಕ್ಕಮಗಳೂರಿಗೆ ಬಿಷಪರಾಗಿ, 1986ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪರಾದರು. ದೇಶದ ಬಿಷಪರ ಮಂಡಳಿಗೂ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ ಪೂಜೆಯ ಭಾಷೆಯ ಜಗಳ ಜೋರಾಗಿದ್ದ ಕಾಲ ಅದು. ನಿವೃತ್ತಿಗೆ ಚರ್ಚು ಇಟ್ಟ ವಯಸ್ಸು 75. ಮಥಾಯಸ್ 1998ರಲ್ಲಿ, 69ನೇ ವಯಸ್ಸಿನಲ್ಲಿ, ಕುರ್ಚಿ ಬಿಟ್ಟರು. ಆಮೇಲೆ 26 ವರ್ಷ ಸದ್ದಿಲ್ಲದೆ ಬದುಕಿ, 2024ರ ಜುಲೈನಲ್ಲಿ ತೀರಿಕೊಂಡರು. ಕುರ್ಚಿ ಬಿಟ್ಟದ್ದರಿಂದ ಅವರ ಗೌರವ ಒಂದು ಗುಲಗಂಜಿಯಷ್ಟೂ ಕುಂದಲಿಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಗೆರೆ ಎಳೆಯಲೇಬೇಕು. ಸಂಕಟ ಬೇರೆ, ಅಪರಾಧ ಬೇರೆ. ಮಕ್ಕಳ ಮೇಲೆ, ಹೆಂಗಸರ ಮೇಲೆ ಕೈಮಾಡಿದವರಿಗೆ ಒಂಟಿತನ ನೆಪವಾಗಬಾರದು. ಅದಕ್ಕೆ ಪೋಕ್ಸೊ ಇದೆ, ಪೊಲೀಸ್ ಠಾಣೆ ಇದೆ. ದೂರು ಕೊಡಲು ಪ್ರತಿ ಧರ್ಮಪ್ರಾಂತದಲ್ಲೂ ವ್ಯವಸ್ಥೆ ಇರಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ಕಟ್ಟಪ್ಪಣೆ ಮಾಡಿದರು. ಇನ್ನೊಂದು ಕಡೆ, ತಪ್ಪೇ ಮಾಡದವರ ಮೇಲೂ ಅನುಮಾನದ ಕಣ್ಣಿದೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿ, 2022ರ ಮತಾಂತರ ನಿಷೇಧ ಕಾಯ್ದೆ, ಇವುಗಳ ನಂತರ ಬಿಳಿ ನಿಲುವಂಗಿ ತೊಟ್ಟು ಲೈನ್ ಮನೆಗೆ ಹೋಗಿ ರೋಗಿಯ ಹಣೆ ಮುಟ್ಟುವಾಗಲೂ ಹಿಂದೆಮುಂದೆ ನೋಡಬೇಕಾಗಿದೆ. ಎಲ್ಲರೊಂದಿಗೆ ಬೆರೆಯಬೇಕಾದ ಕೆಲಸದಲ್ಲಿ ಇದೂ ಒಂದು ಬೇಲಿ.

ಮಾಡಬಹುದಾದ್ದು ಏನು? ಹತ್ತು ಹನ್ನೆರಡು ವರ್ಷ ಮಂಗಳೂರಿನ ಜೆಪ್ಪು, ಬೆಂಗಳೂರಿನ ಮಲ್ಲೇಶ್ವರದಂಥ ಸೆಮಿನರಿಗಳಲ್ಲಿ ಜೊತೆಗಾರರ ನಡುವೆ ಬೆಳೆದ ಹುಡುಗನನ್ನು ಒಮ್ಮೆಲೇ ಘಟ್ಟದ ಬಂಗಲೆಗೆ ಒಬ್ಬನೇ ಎಂದು ಕಳಿಸುವುದನ್ನು ಬಿಷಪರು ನಿಲ್ಲಿಸಬೇಕು. ಹತ್ತಿರದ ಎರಡು ಮೂರು ಚರ್ಚುಗಳ ಪಾದ್ರಿಗಳು ಒಂದೇ ಮನೆಯಲ್ಲಿದ್ದು, ರಾತ್ರಿ ಒಟ್ಟಿಗೆ ಉಂಡು, ಬೆಳಗ್ಗೆ ತಮ್ಮ ತಮ್ಮ ಚರ್ಚಿಗೆ ಹೋಗಲು ಜೀಪು ಇದೆ, ರಸ್ತೆ ಇದೆ. ಲೆಕ್ಕಪತ್ರ, ಕಟ್ಟಡ, ಕೋರ್ಟು ಕಚೇರಿಯನ್ನು ಪಾಲನಾ ಸಮಿತಿ ಪೂರ್ತಿ ವಹಿಸಿಕೊಳ್ಳಲಿ. ಎಂಕಾಂ ಓದಿದವರು ಯಾವ ಊರಲ್ಲಿಲ್ಲ? ಮನೋವೈದ್ಯರ ಹತ್ತಿರ ಹೋದ ಪಾದ್ರಿಗೆ ನಂಬಿಕೆ ಕಡಿಮೆ ಎಂಬ ಗುಸುಗುಸು ನಿಲ್ಲಲಿ.

ಕಡೆಗೆ ಓದುಗರಿಗೆ, ನೀವು ಕ್ರೈಸ್ತರಿರಲಿ ಇಲ್ಲದಿರಲಿ, ಒಂದು ಮಾತು. ನಿಮ್ಮೂರಿನ ಪಾದ್ರಿಯ ಬಾಗಿಲಿಗೆ ಜನ ಹೋಗುವುದು ಸರ್ಟಿಫಿಕೇಟಿಗೆ, ಸ್ಕೂಲು ಸೀಟಿಗೆ, ಶಿಫಾರಸಿಗೆ, ಜಗಳ ಬಿಡಿಸುವುದಕ್ಕೆ. ಈ ಮಳೆಗಾಲದಲ್ಲಿ ಹಬ್ಬವಲ್ಲದ ಒಂದು ಮಂಗಳವಾರವೋ ಬುಧವಾರವೋ ಏನೂ ಕೆಲಸವಿಲ್ಲದೆ ಹೋಗಿ. ಕೂತು ಒಂದು ಲೋಟ ಕಾಫಿ ಕುಡಿಯಿರಿ, ಅವರ ಅಪ್ಪ ಅಮ್ಮ ಹೇಗಿದ್ದಾರೆ ಎಂದು ಕೇಳಿ, ಏನನ್ನೂ ಬೇಡದೆ ಎದ್ದು ಬನ್ನಿ.